ಕಸ್ತೂರಿ ನಡುಗಿದ ಮಧ್ಯಾಹ್ನ

ಅಡುಗೆಮನೆಯಲ್ಲಿ ಸ್ಟೀಲ್ ಬಟ್ಟಲು ನೆಲಕ್ಕೆ ಬಡಿದ ಸದ್ದಾದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಹೋದ ವಾರ ಚಪಾತಿ ಹಿಟ್ಟಿನ ಕೈಯಲ್ಲೇ ಓಡಿದೆ. ನೋಡಿದರೆ ನಮ್ಮ ಮಿನ್ನು ನಿದ್ದೆಯಲ್ಲಿ ಏನನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ, ಹಿಂಗಾಲು ನೀರಿನ ಬಟ್ಟಲಿಗೆ ತಗಲಿದೆ. "ಮಿನ್ನೂ" ಎಂದೆ. ಒಂದು ಕಣ್ಣು ತೆರೆದು, ಇಷ್ಟಕ್ಕೆಲ್ಲ ಎಬ್ಬಿಸುವುದೇ ಎನ್ನುವ ಹಾಗೆ ನೋಡಿ ಮತ್ತೆ ಮಲಗಿದಳು. ಕರೆದರೆ ಎದ್ದಳೆಂದರೆ ಅದು ಕನಸು, ಏಳದಿದ್ದರೆ ಫಿಟ್ಸ್. ಈ ಪರೀಕ್ಷೆಯನ್ನು ನಾಲ್ಕು ವರ್ಷದಿಂದ ದಿನಕ್ಕೆ ಮೂರು ನಾಲ್ಕು ಸಲ ನಡೆಸುತ್ತಿದ್ದೇನೆ. ಪಾಪ, ನನ್ನ ದೆಸೆಯಿಂದ ಆ ನಾಯಿ ಒಂದು ಕನಸನ್ನೂ ನೆಟ್ಟಗೆ ಕಂಡು ಮುಗಿಸಿಲ್ಲ.

ನಿಮಗೆ ಇದು ಹುಚ್ಚು ಎನಿಸಬಹುದು. ಎನಿಸಲಿ. ನಾಯಿಯ ಹುಚ್ಚು ಎಂದರೇನೆಂದು ತಿಳಿಯಬೇಕಾದರೆ ನೀವು ನಮ್ಮ ಪದ್ದತ್ತೆಯನ್ನು ನೋಡಬೇಕಿತ್ತು. ನನ್ನ ಅಪ್ಪನ ತಂಗಿ. ವಯನಾಡಿನ ಪನಮರಂ ಮತ್ತು ಕೇಣಿಚಿರದ ನಡುವೆ ಅವರ ಮನೆ, ಸುತ್ತ ಕಾಫಿ, ಕಾಫಿಯ ನಡುವೆ ಮೆಣಸು. ಬಸದಿ, ಪೂಜೆ, ಸೂರ್ಯ ಮುಳುಗುವ ಮೊದಲೇ ಊಟ ಎಂದು ಅಚ್ಚುಕಟ್ಟಾಗಿ ಬದುಕುತ್ತಿದ್ದ ಹೆಂಗಸು. ಐವತ್ತೈದು ದಾಟಿದ ಮೇಲೆ ಒಮ್ಮೆ ನೀಲಗಿರಿಗೆ ಹೋದವರು, ಕಪ್ಪು ಬಿಳುಪು ಬಣ್ಣದ ನಾಯಿಯೊಂದು ಒಮ್ಮೆಯೂ ಬೊಗಳದೆ ಒಂದು ಮಂದೆ ಕುರಿಯನ್ನು ಗೇಟಿನೊಳಗೆ ತುಂಬಿಸಿದ್ದನ್ನು ಕಂಡರು. ಆಮೇಲೆ ಆರು ತಿಂಗಳು ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ. ಕೊನೆಗೆ ಅಲ್ಲಿಂದಲೇ ಒಂದು ಬಾರ್ಡರ್ ಕೋಲಿ ಹೆಣ್ಣು ಮರಿ ಬಂತು. ಅದೇ ಕಸ್ತೂರಿ.

ಕೋಲಿ ಸುಮ್ಮನೆ ಬಾಗಿಲಲ್ಲಿ ಬಿದ್ದಿರುವ ಜಾತಿಯಲ್ಲ. ಅದಕ್ಕೆ ಹೊಟ್ಟೆಗೆ ಅನ್ನ ಬೇಕಾದಷ್ಟೇ ತಲೆಗೆ ಕೆಲಸ ಬೇಕು. ವಯನಾಡಿನಲ್ಲಿ ಕುರಿಮಂದೆ ಎಲ್ಲಿಂದ ತರುವುದು? ಪದ್ದತ್ತೆ ಹನ್ನೆರಡು ಬಾತುಕೋಳಿ ತಂದರು. ಬಾತುಕೋಳಿಗಳೂ ಕುರಿಗಳ ಹಾಗೆಯೇ ಗುಂಪು ಬಿಡುವುದಿಲ್ಲ, ಎಳೆಯ ನಾಯಿಗೆ ಪಾಠ ಹೇಳಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಜೈನರ ಮನೆಯ ಬಾತುಕೋಳಿ! ಕೊಯ್ಯುವಂತಿಲ್ಲ, ಮೊಟ್ಟೆ ಮುಟ್ಟುವಂತಿಲ್ಲ, ಕೊಯ್ಯುವವರಿಗೆ ಕೊಡುವಂತೆಯೂ ಇಲ್ಲ. ಕಾವಿಗೆ ಕೂತದ್ದೆಲ್ಲ ಮರಿಯಾಗಿ ಎರಡು ವರ್ಷದಲ್ಲಿ ಅಂಗಳ ತುಂಬಿತು. ಕ್ರಿಸ್‌ಮಸ್ ಹತ್ತಿರವಾದಾಗ ಪಕ್ಕದ ತೋಟದವರು ಬೇಲಿಯ ಆಚೆ ನಿಂತು ಬಾತುಕೋಳಿಗಳನ್ನು ನೋಡುತ್ತಿದ್ದರು, ಪದ್ದತ್ತೆ ಈಚೆ ನಿಂತು ಅವರನ್ನು ನೋಡುತ್ತಿದ್ದರು.

ಕಾಫಿ ಒಣಗಿಸುವ ಕಣವೇ ಕಸ್ತೂರಿಯ ಶಾಲೆ. ಅವಳು ಮೈ ತಗ್ಗಿಸಿ, ಒಂದು ಕಾಲನ್ನು ಗಾಳಿಯಲ್ಲೇ ನಿಲ್ಲಿಸಿ, ಬಾತುಕೋಳಿಗಳನ್ನು ದೃಷ್ಟಿಯಲ್ಲೇ ಹಿಡಿಯುತ್ತಿದ್ದಳು. ಎಡಕ್ಕೆ, ಬಲಕ್ಕೆ, ನಿಲ್ಲು. ಎಲ್ಲಕ್ಕಿಂತ ಕಷ್ಟದ ಪಾಠ "ಸಾಕು" ಎಂಬುದು. ಕೆಲಸದ ಅಮಲಿನಲ್ಲಿರುವ ನಾಯಿ ಆ ಒಂದು ಮಾತಿಗೆ ಎಲ್ಲವನ್ನೂ ಬಿಟ್ಟು ಬರಬೇಕು. ಅದನ್ನು ಕಲಿಸಲು ಪದ್ದತ್ತೆಗೆ ಐದು ತಿಂಗಳು ಹಿಡಿಯಿತು. ನಾನು ಕಲ್ಪೆಟ್ಟದ ಶಾಲೆಯೊಂದರಲ್ಲಿ ಗಣಿತದ ಟೀಚರು. ರಜೆ ಸಿಕ್ಕಿದರೆ ಬಸ್ಸು ಹತ್ತಿ ಅಲ್ಲಿಗೇ ಓಡುತ್ತಿದ್ದೆ. ಒಂದು ದಿನ, "ಅತ್ತೇ, ಇವಳು ಮರಿ ಹಾಕಿದರೆ ಕುತ್ತಿಗೆ ಸುತ್ತ ಪೂರ್ತಿ ಬಿಳಿ ಇರೋದು ನನಗೆ" ಎಂದೆ.

"ಬಣ್ಣ ನೋಡಿ ಆರಿಸೋದು ಸೀರೆ ಅಂಗಡೀಲಿ ಇಟ್ಟುಕೋ. ಇಲ್ಲಿ ಬುದ್ಧಿ ನೋಡಬೇಕು, ಆರೋಗ್ಯ ನೋಡಬೇಕು. ತಾಯಿಯಲ್ಲಿ ಇಲ್ಲದ್ದು ಮರಿಗೆ ಬರೋದಿಲ್ಲ, ಇದ್ದದ್ದು ಬಿಡೋದಿಲ್ಲ, ಕೇಟ್ಟೋ?" ಎಂದರು, ಎಂದಿನ ಹಾಗೆ ಮಲಯಾಳ ಬೆರೆಸಿ. ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳುವ ಅನುಕೂಲ ನನಗಿಲ್ಲ.

ಕಸ್ತೂರಿಗೆ ತಕ್ಕ ಗಂಡು ನಾಯಿಗಾಗಿ ಪದ್ದತ್ತೆ ಎರಡು ವರ್ಷ ಕಾದಿದ್ದರು. ಕೊನೆಗೆ ನೀಲಗಿರಿಯವರು ಒಪ್ಪಿ, ಭಾದ್ರಪದ ಕಳೆದ ಮೇಲೆ ಕರೆತರುತ್ತೇವೆ ಎಂದರು. ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ಪದ್ದತ್ತೆಗೆ ಒಂದೇ ಊಟ, ಬಸದಿ, ಸ್ವಾಧ್ಯಾಯ. ಯಾವ ಜೀವಿಯನ್ನೂ ಹೆದರಿಸಬಾರದೆಂದು ಬಾತುಕೋಳಿಗಳಿಗೂ ರಜೆ. ಕಸ್ತೂರಿಗೆ ಮಾತ್ರ ಅದು ಶಿಕ್ಷೆ. ಮೂರನೆಯ ದಿನಕ್ಕೆ ಅವಳು ಮನೆಗೆ ಬಂದ ನೆಂಟರನ್ನೆಲ್ಲ ಸುತ್ತುಹಾಕಿ ಒಂದೇ ಮೂಲೆಗೆ ಸೇರಿಸತೊಡಗಿದಳು. ಪದ್ದತ್ತೆ ಬಸದಿಗೆ ಹೋದಾಗ ನಾಯಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಆರನೆಯ ದಿನ ಮಧ್ಯಾಹ್ನ, ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗೆ ಸ್ಟೀಲ್ ಬಟ್ಟಲು ಗಡಗಡನೆ ಬಡಿದುಕೊಳ್ಳುವ ಸದ್ದು. ಹೋಗಿ ನೋಡಿದರೆ ಕಸ್ತೂರಿ ಮಗ್ಗುಲಾಗಿ ಬಿದ್ದಿದ್ದಾಳೆ, ನಾಲ್ಕೂ ಕಾಲು ಸೆಟೆದು ನಡುಗುತ್ತಿವೆ, ಬಾಯಲ್ಲಿ ನೊರೆ, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿಲ್ಲ. ಕರೆದೆ, ಕೂಗಿದೆ. ಒಂದೂವರೆ ನಿಮಿಷ. ಆಮೇಲೆ ಎದ್ದು, ಗೋಡೆಗೆ ಒಂದು ಸಲ ಢಿಕ್ಕಿ ಹೊಡೆದು, ನನ್ನ ಮಡಿಲಿಗೆ ತಲೆ ತಂದಿಟ್ಟಳು. ಒಂದು ಗಂಟೆಯೊಳಗೆ ಏನೂ ಆಗದವಳ ಹಾಗೆ ಅಂಗಳದಲ್ಲಿ ಓಡಾಡುತ್ತಿದ್ದಳು.

ಪದ್ದತ್ತೆ ಬಂದು, "ತಂಟೆ ಮಾಡಿದಳಾ?" ಎಂದು ಕೇಳಿದರು. "ಇಲ್ಲತ್ತೆ" ಎಂದೆ. ಉಪವಾಸದಲ್ಲಿದ್ದಾರೆ, ಈಗ ಹೇಳಿ ಗಾಬರಿಪಡಿಸುವುದು ಬೇಡ ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ. ಸೆಕೆಗೆ ಇರಬಹುದು, ತೋಟದಲ್ಲಿ ಏನನ್ನೋ ತಿಂದಿರಬಹುದು ಎಂದೂ ಸೇರಿಸಿಕೊಂಡೆ. ನಿಜ ಬೇರೆ. ಹೇಳಿದರೆ ಗಂಡು ನಾಯಿ ಬರುವುದಿಲ್ಲ, ಮರಿಗಳಾಗುವುದಿಲ್ಲ, ಕುತ್ತಿಗೆ ಸುತ್ತ ಬಿಳಿ ಇರುವ ಮರಿ ನನಗೆ ಸಿಗುವುದಿಲ್ಲ. ಮೂವತ್ತೈದು ವಯಸ್ಸಿನ ಟೀಚರ ಬುದ್ಧಿ ಎಲ್ಲಿಗೆ ಬಂದಿತ್ತು ನೋಡಿ.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ನಮ್ಮಲ್ಲಿ ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಎಲ್ಲರ ಬಳಿಯೂ ಕ್ಷಮೆ ಕೇಳುತ್ತಾರೆ. ಪದ್ದತ್ತೆ ಬೆಳಿಗ್ಗೆ ಎದ್ದವರೇ ಮೊದಲು ಬಾತುಕೋಳಿಗಳ ಮುಂದೆ ಕೈಮುಗಿದು, ವರ್ಷವಿಡೀ ಹೆದರಿಸಿದ್ದಕ್ಕೆ ಕ್ಷಮೆ ಕೇಳಿದರು. ಆಮೇಲೆ ನನ್ನ ಬಳಿ ಬಂದರು. ನಾನೂ ಕೈಮುಗಿದು, "ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಅತ್ತೆ" ಎಂದೆ. "ಕ್ಷಮಿಸಿದೆ ಮೋಳೇ" ಎಂದರು, ಮಗಳನ್ನು ಕರೆಯುವ ಹಾಗೆ. ಎದೆ ಹಗುರಾಯಿತು. ಕೇಳಿದ್ದಾಯಿತು, ಕೊಟ್ಟದ್ದಾಯಿತು, ಲೆಕ್ಕ ಚುಕ್ತಾ ಎಂದುಕೊಂಡೆ. ಎಲ್ಲರೂ ಹೇಳುವ ಒಂದು ಸಾಲಿನ ಹಿಂದೆ ಇಡೀ ನಾಯಿಯನ್ನೇ ಅಡಗಿಸಿಟ್ಟೆ.

ಆರು ಮರಿಗಳಾದವು. ಒಂದು ನನಗೆ ಬಂತು, ಅದೇ ಮಿನ್ನು. ಉಳಿದ ಐದನ್ನು ಪದ್ದತ್ತೆ ಮನೆಗಳನ್ನು ಅಳೆದು ತೂಗಿ ಕೊಟ್ಟರು. ಅವುಗಳಲ್ಲಿ ಒಂದು ಕೇಣಿಚಿರದ ಚಂದ್ರೇಗೌಡರ ಆಡುಗಳನ್ನು ಕಾಯಲು ಹೋಯಿತು. ನಾನು ನೀರಿನ ಪೈಪುಗಳನ್ನು ಸಾಲಾಗಿ ನೆಟ್ಟು ಅವುಗಳ ನಡುವೆ ನುಸುಳುವುದನ್ನು, ಮೆಣಸು ಒಣಗಿಸುವ ಟಾರ್ಪಾಲಿನ್ ಸುತ್ತಿ ಮಾಡಿದ ಸುರಂಗದಲ್ಲಿ ನುಗ್ಗುವುದನ್ನು ಮಿನ್ನುವಿಗೆ ಕಲಿಸಿದೆ. ಕೊಚ್ಚಿಯ ಪಂದ್ಯವೊಂದರಲ್ಲಿ ಅವಳು ಒಂದು ಹರ್ಡಲನ್ನೂ ಬೀಳಿಸದೆ ಓಡಿ ಮೊದಲು ಬಂದಳು. ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನು ಅವಳ ಕಾಲು ನಡುಗುತ್ತದೆಯೇ ಎಂದು ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಪದ್ದತ್ತೆ ಫೋನಿನಲ್ಲಿ, "ಚಂದ್ರೇಗೌಡರ ನಾಯಿ ಹೋಯಿತಂತೆ. ಫಿಟ್ಸು ಬಂದು ಬಂದು ಸೋತಿತ್ತಂತೆ. ಉಣ್ಣೆ ಹುಳಕ್ಕೆ ಅಂತ ಮೈಗೆ ಹಚ್ಚಿದ ಮದ್ದು ವಿಷವಾಯಿತು ಅಂತಾರೆ" ಎಂದರು. ಮದ್ದು ಎಂಬ ಮಾತು ಕೇಳಿ ನನಗೆ ಸಮಾಧಾನವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಈಗ ಪದ್ದತ್ತೆ ಮಿನ್ನುವಿಗೆ ಗಂಡು ಗೊತ್ತುಮಾಡಿದ್ದರು. ಹೋದ ವಾರ ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತವಳಿಗೆ, ಇನ್ನೂ ಆರು ಮನೆಗಳಲ್ಲಿ ಯಾರೋ ಹೀಗೆಯೇ ಓಡಿ ಬರುವುದು ಕಾಣಿಸಿತು. ಭಾನುವಾರ ಹೋಗಿ ಪದ್ದತ್ತೆಯ ಎದುರು ಕೂತೆ.

"ಅತ್ತೇ, ಕಸ್ತೂರಿಗೆ ಫಿಟ್ಸ್ ಬಂದಿತ್ತು. ಮರಿ ಆಗೋ ಮೊದಲೇ. ನಾನು ನೋಡಿದ್ದೆ."

"ಎಷ್ಟು ಹೊತ್ತು?"

"ಒಂದೂವರೆ ನಿಮಿಷ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ನೀಲಗಿರಿಗೆ ಫೋನ್ ಮಾಡಿ, ನಾಯಿ ತರುವುದು ಬೇಡ, ಈ ಸಂತಾನ ಇಲ್ಲಿಗೇ ನಿಲ್ಲಲಿ ಎಂದರು. ಇಪ್ಪತ್ತು ಮಾತು ಕೂಡ ಆಡಲಿಲ್ಲ. ನಾನು ಅಳುತ್ತ ಕ್ಷಮಿಸಿ ಎಂದೆ.

"ನನ್ನ ಹತ್ರ ಯಾಕೆ? ಐದು ಮನೆಯವರು ನನ್ನ ಮಾತು ನಂಬಿ ಮರಿ ಕೊಂಡು ಹೋದರು. ಅವರ ಹತ್ರ ಕೇಳು. ಪಿನ್ನೆ, ಇನ್ನೊಂದು ಮಾತು, ತಿಳಿದೋ ತಿಳಿಯದೆಯೋ ಅನ್ನೋದು ಬೇಡ. ಏನು ಮಾಡಿದೆ ಅಂತ ಹೇಳಿ ಕೇಳು," ಎಂದು ನಂಬರುಗಳಿದ್ದ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟರು.

ಮೊದಲು ಕೇಣಿಚಿರ. ಚಂದ್ರೇಗೌಡರು ಪೂರ್ತಿ ಕೇಳಿಸಿಕೊಂಡರು. "ಒಂದು ನಿಮಿಷ ಟೀಚರೇ" ಎಂದು ಒಳಗೆ ಕೂಗಿದ್ದು ನನಗೂ ಕೇಳಿಸಿತು: "ಸರೋಜಾ, ಇಲ್ಲಿ ಬಾ. ಇದನ್ನ ನೀನೇ ಕೇಳು."

ಅವರ ಹೆಂಡತಿಗೆ ನಾನು ಮತ್ತೆ ಮೊದಲಿನಿಂದ ಹೇಳಿದೆ.

"ಟೀಚರೇ," ಎಂದರು ಸರೋಜಕ್ಕ, "ಉಣ್ಣೆ ಮದ್ದು ಹಚ್ಚಿದ್ದು ನಾನು. ಬಾಟಲೀಲಿ ಬರೆದದ್ದಕ್ಕಿಂತ ಒಂಚೂರು ಹೆಚ್ಚೇ ಹಾಕಿದ್ದೆ. ಫಿಟ್ಸು ಶುರುವಾದದ್ದು ಎರಡು ತಿಂಗಳ ಮೇಲೆ. ಆದರೂ ನಾನೇ ಕೊಂದೆ ಅಂತ ಇದ್ದೆ. ಆಮೇಲೆ ಮನೇಲಿ ಒಂದು ಬೆಕ್ಕನ್ನೂ ಮುಟ್ಟಿಲ್ಲ. ಹಾಗಾದರೆ ನಾನಲ್ಲವಾ?"

"ಅಲ್ಲ ಸರೋಜಕ್ಕ. ಅದು ತಾಯಿಯಿಂದಲೇ ಬಂದಿರಬೇಕು. ನನಗೆ ಗೊತ್ತಿತ್ತು, ಹೇಳಲಿಲ್ಲ."

ಬೈಯುತ್ತಾರೆ ಎಂದು ಕಾದೆ, ಬೈದರೆ ಒಳ್ಳೆಯದಿತ್ತು.

"ಎರಡು ವರ್ಷ ಆಯಿತು ಟೀಚರೇ" ಎಂದಷ್ಟೇ ಹೇಳಿದರು. ನಾನು ಕ್ಷಮಿಸಿ ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದರು.

ಪದ್ದತ್ತೆ ಪುಸ್ತಕದಲ್ಲಿ ಎರಡನೆಯ ನಂಬರಿನ ಮೇಲೆ ಬೆರಳಿಟ್ಟರು.