ಒದ್ದೆ ಕೈಯಲ್ಲಿ ತೆರೆಯುವ ಚಾಕು

ಚಾಕು ಕೊಳ್ಳಲು ಹೊರಟ ಗಂಡನ ಬೆನ್ನ ಹಿಂದೆ ಹೆಂಡತಿಗೇನು ಕೆಲಸ ಎಂದು ನೀವು ಕೇಳಬಹುದು. ನಮ್ಮವರೂ ಕೇಳಿದರು. ನನಗೆ ದಾರ ತರುವುದಿದೆ ಎಂದೆ. ನಾನು ಹೊಲಿಗೆಯವಳು, ಮನೆಯಲ್ಲಿ ದಾರ ಡಬ್ಬಿಗಟ್ಟಲೆ ಬಿದ್ದಿತ್ತು, ಅದು ಅವರಿಗೂ ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿ ಮುಂದೆ ನಡೆದರು. ಮಾತು ಶುರುವಾದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಭಯ ಇಬ್ಬರಿಗೂ ಇತ್ತು.

ನಮ್ಮವರು ನದಿ ದಾಟಿಸುವ ಲಾಂಚಿನಲ್ಲಿ ಹಗ್ಗದ ಕೆಲಸದವರು. ಇಪ್ಪತ್ತೆರಡು ವರ್ಷದಿಂದ ಅದೇ ಲಾಂಚು, ಅದೇ ಕೆಲಸ, ಅದೇ ಗೊಣಗಾಟ. ಲಾಂಚು ದಡದ ದಕ್ಕೆ ಬಿಟ್ಟು ಹೊರಡುವಾಗ ಹಿಂದಿನ ಹಗ್ಗಕ್ಕೆ ಇಬ್ಬರು ಬೇಕು. ಹಗ್ಗದ ಒಂದು ಬದಿಗೆ ಮುಂದೆ ನಿಂತವನು ಅದನ್ನು ಸಡಿಲಿಸಿ ಒಳಗೆ ಎಳೆದುಕೊಳ್ಳುತ್ತಾನೆ. ಇನ್ನೊಂದು ಬದಿಗೆ ಹಿಂದೆ ನಿಂತವನು ಎಡಗೈಯಲ್ಲಿ ಪಕ್ಕದ ಕಂಬಿ ಹಿಡಿದು, ಬಲಗೈ ಖಾಲಿ ಇಟ್ಟುಕೊಂಡು, ಮುಂದಿನವನ ಕಾಲನ್ನೇ ನೋಡುತ್ತಿರುತ್ತಾನೆ. ಹಗ್ಗದ ಸುರುಳಿಗೆ ಕಾಲು ಸಿಕ್ಕಿ ಲಾಂಚು ಆಚೆ ಎಳೆಯಿತೋ, ಇವನು ಜೇಬಿನ ಮಡಚುವ ಚಾಕುವನ್ನು ಒಂದೇ ಕೈಯಲ್ಲಿ ತೆರೆದು ಹಗ್ಗ ಕೊಯ್ಯಬೇಕು. ಅದಕ್ಕೆ ಸಿಗುವುದು ಎರಡು ಉಸಿರಿನಷ್ಟು ಹೊತ್ತು. ದಿನದ ಮಿಕ್ಕ ಹೊತ್ತೆಲ್ಲ ಅದೇ ಚಾಕು ಮೂಟೆಯ ದಾರ, ರಟ್ಟಿನ ಪೆಟ್ಟಿಗೆ, ತಿನ್ನುವ ಹಣ್ಣು, ಏನು ಸಿಕ್ಕರೆ ಅದನ್ನು ಕತ್ತರಿಸಿಕೊಂಡಿರುತ್ತದೆ.

ಆರು ವರ್ಷದ ಹಿಂದೆ ಹಾಗೆ ಒಂದು ಸಲ ಆಗಿತ್ತು. ಇವರು ಕೊಯ್ದ ರಭಸಕ್ಕೆ ಮುಂದಿದ್ದ ಮನುಷ್ಯ ಬರೀ ಊದಿದ ಪಾದದೊಂದಿಗೆ ಮನೆಗೆ ಹೋದ. ಅದಾದ ಮೇಲೆ ಇವರನ್ನು ಹಿಡಿಯುವವರೇ ಇರಲಿಲ್ಲ. ಒಂದು ತಿಂಗಳು ನಾನು ಕೇಳದಿದ್ದರೂ ನನ್ನ ಕತ್ತರಿಗಳನ್ನು ಸಾಣೆ ಹಿಡಿದುಕೊಟ್ಟರು. ಆ ಮನುಷ್ಯ ಮಾತ್ರ ಮತ್ತೆ ನೀರಿನ ಕಡೆ ತಲೆ ಹಾಕಲಿಲ್ಲ. ಖಾಲಿಯಾದ ಆ ಜಾಗಕ್ಕೆ ನನ್ನ ತಮ್ಮನನ್ನು ಸೇರಿಸಿದವಳು ನಾನು. ಅವನು ಹಿಂದೆ ಮುಂದೆ ನೋಡುತ್ತಿದ್ದಾಗ, ಬೆನ್ನಿಗೆ ಭಾವ ಇರ್ತಾರಲ್ಲ, ನಿನಗ್ಯಾಕೆ ಚಿಂತೆ ಎಂದು ಧೈರ್ಯ ತುಂಬಿದವಳೂ ನಾನೇ.

ಇವರ ಬಲಗೈ ಹೆಬ್ಬೆರಳು ಕೆಟ್ಟಿದ್ದು ಮೊದಲು ಕಂಡದ್ದು ನನಗೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಗೋಡೆ ಕಡೆ ತಿರುಗತೊಡಗಿದರು. ದಿನವಿಡೀ ಗುಂಡಿಯ ಜೊತೆ ಬದುಕುವವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಬೈದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರದ ತೊಂದರೆ, ಉಳಿದ ಬೆರಳುಗಳಿಗೇನೂ ಆಗಿಲ್ಲ, ಆದರೆ ಹೆಬ್ಬೆರಳಿಗೆ ಹೋದ ಬಲ ಪೂರ್ತಿ ವಾಪಸ್ಸು ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಮೆಟ್ಟಿಲಿಳಿಯುವಾಗ ಇವರು, ಯಾರಿಗೂ ಹೇಳಬೇಡ, ಸರಿಹೋಗುತ್ತದೆ ಎಂದರು. ನಾನು ಹೇಳಲಿಲ್ಲ. ಕೆಲಸ ಕಳೆದುಕೊಂಡು ಇಡೀ ದಿನ ಮನೆಯಲ್ಲಿ ಕೂತ ಇವರನ್ನು ನೆನೆಸಿಕೊಳ್ಳುವುದೂ ನನಗೆ ಬೇಡವಾಗಿತ್ತು. ಹಗ್ಗ ಸಿಕ್ಕಿಕೊಳ್ಳುವುದು ದಿನಾ ಆಗುವ ಸಂಗತಿಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ಹತ್ತು ತಿಂಗಳು ಕಳೆದವು. ದಿನಕ್ಕೆ ಎಂಟು ಸಲ ನನ್ನ ತಮ್ಮ ಆ ಹಗ್ಗದ ಪಕ್ಕದಲ್ಲಿ ಕಾಲಿಡುತ್ತಿದ್ದ.

ನಾವು ಚಾಕು ಕೊಳ್ಳಲು ಹೋದ ವಾರ ಲಾಂಚಿನಲ್ಲಿ ಹಗ್ಗ ಕೊಯ್ಯುವ ಅಭ್ಯಾಸ ಇಟ್ಟಿದ್ದರು. ಇವರ ಚಾಕು ತಡವಾಗಿ ತೆರೆಯಿತು. ತಮ್ಮ ನಗುತ್ತಾ, ಭಾವ, ಚಾಕುಗೆ ಒಂಚೂರು ಎಣ್ಣೆ ತೋರಿಸಿ ಎಂದನಂತೆ. ಅಷ್ಟೇ ಸಾಕಾಯಿತು. ತಪ್ಪೆಲ್ಲ ಚಾಕುವಿನದೇ ಎಂದು ಇವರು ತೀರ್ಮಾನಿಸಿದರು. ಅಲಗು ಹಿಡಿದಿಡುವ ಲಾಕ್ ಸವೆದಿದೆ, ಅಲಗು ಬಿಗಿಯಾಗಿದೆ, ಒಳ್ಳೆಯ ದೊಡ್ಡ ಚಾಕು ತಂದರೆ ಎಲ್ಲ ಸರಿಹೋಗುತ್ತದೆ. ನನಗೂ ಅದನ್ನೇ ನಂಬಬೇಕಿತ್ತು. ಅಷ್ಟರಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ, ನಾಳೆ ಬೆಳಗಿನಿಂದ ಸೆಳೆತ ಜೋರಿರುತ್ತದೆ ಎಂದು ದಕ್ಕೆಯಲ್ಲಿ ನೋಟಿಸು ಅಂಟಿಸಿದರು. ಮೊದಲ ಟ್ರಿಪ್ಪು ಆರು ಗಂಟೆಗೆ. ನಾವು ಅಂಗಡಿಯ ಮೆಟ್ಟಿಲು ಹತ್ತಿದಾಗ ಸಂಜೆ ನಾಲ್ಕು.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದು ಬೀಗವನ್ನು ಬಿಚ್ಚುತ್ತಾ ಕೂತಿದ್ದರು. ಲಾಂಚಿನವರೆಲ್ಲ ಅವರಲ್ಲಿಗೇ ಬರುವುದು. ಗಾಜಿನ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ಮಡಚುವ ಚಾಕುಗಳನ್ನು ಒಂದೊಂದಾಗಿ ಇಟ್ಟರು. ಹೇಳಬೇಕಾದ ಮಾತು ಹೇಳಿಬಿಡುತ್ತೇನೆ, ಚಾಕು ನೋಡುವುದನ್ನು ನಮ್ಮವರಿಂದಲೇ ಕಲಿಯಬೇಕು. ಅಲಗಿನ ಮೇಲೆ ಅಲೆಯಲೆಯಾಗಿ ಚಿತ್ತಾರವಿದ್ದದ್ದನ್ನು ತೆರೆಯದೆಯೇ ಪಕ್ಕಕ್ಕೆ ಸರಿಸಿದರು. ನಾಲ್ಕು ಬೆರಳಿನ ಅಗಲಕ್ಕಿಂತ ಗಿಡ್ಡ ಅಲಗಿನದನ್ನೂ ಸರಿಸಿದರು. ಇನ್ನೊಂದರ ಅಲಗಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕೂದಲೆಳೆಯಷ್ಟು ಅಲ್ಲಾಡಿತು, ಅದೂ ಹೋಯಿತು. ಮತ್ತೊಂದರ ಲಾಕ್ ಬಿಡಿಸಬೇಕಾದರೆ ಬೆರಳು ಅಲಗಿನ ದಾರಿಗೆ ಅಡ್ಡ ಬರುತ್ತಿತ್ತು. ಅದನ್ನು ಇವರು ಅಂಗಡಿಯವರ ಕಡೆಗೇ ತಳ್ಳಿದರು. ತೆರೆಯುವುದನ್ನೆಲ್ಲ ಎರಡೂ ಕೈ ಸೇರಿಸಿಯೇ ಮಾಡುತ್ತಿದ್ದರು. ಅಂಗಡಿಯವರ ಕಣ್ಣು ಅಲ್ಲೇ ಇದೆಯೆಂದು ನನಗೆ ಗೊತ್ತಾಗುತ್ತಿತ್ತು.

ಗುಂಡಿ ಒತ್ತಿದರೆ ತಾನಾಗಿ ತೆರೆಯುವ ಸ್ಪ್ರಿಂಗಿನ ಚಾಕುವನ್ನು ಕಂಡಾಗ ನನ್ನ ಜೀವಕ್ಕೆ ಜೀವ ಬಂತು. ಕಿರುಬೆರಳಲ್ಲೂ ಒತ್ತಬಹುದಾಗಿತ್ತು. ಇವರೂ ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಇಟ್ಟುಕೊಂಡರು. ಹೊಳೆಯ ಮಣ್ಣು ಒಳಗೆ ಹೋದರೆ ಎಷ್ಟು ದಿನ ಬಾಳುತ್ತದೆ ಎಂದು ಕೇಳಿದರು. ಇಂಥ ಕೆಲಸಕ್ಕೆ ನಾನಾಗಿ ಇದನ್ನು ಕೊಡುವುದಿಲ್ಲ ಎಂದರು ಅಂಗಡಿಯವರು. ವ್ಯಾಪಾರಿಯ ಬಾಯಲ್ಲಿ ಅಂಥ ಮಾತು ಬಂದ ಮೇಲೆ ಇನ್ನೇನು ಉಳಿಯಿತು?

ಕೊನೆಗೆ ಅಂಗಡಿಯವರು ಕೆಳಗಿನ ಖಾನೆಯಿಂದ ಒಂದನ್ನು ತೆಗೆದರು. ದೊಡ್ಡದು, ಒರಟು ಕಪ್ಪು ಹಿಡಿ, ನೀರಿಗೆ ತುಕ್ಕು ಹಿಡಿಯದ ಉಕ್ಕು, ಅಲಗಿನ ಅರ್ಧ ನುಣುಪು, ಹಗ್ಗ ಕೊಯ್ಯಲು ಉಳಿದರ್ಧ ಗರಗಸದ ಹಾಗೆ ಹಲ್ಲು. ಹೆಬ್ಬೆರಳು ಇಟ್ಟು ತಳ್ಳಲು ಅಲಗಿನಲ್ಲಿ ಅಗಲವಾದ ತೂತು, ಹಿಡಿಯ ಬೆನ್ನಿಗೆ ಲಾಕ್. ಇವರು ಅಲ್ಲಾಡಿಸಿದರು, ಅಲ್ಲಾಡಲಿಲ್ಲ. ಅಲಗಿನ ಬೆನ್ನನ್ನು ಅಲ್ಲೇ ಇದ್ದ ರಬ್ಬರಿನ ತುಂಡಿನ ಮೇಲೆ ಕುಟ್ಟಿದರು, ಲಾಕ್ ಬಿಡಲಿಲ್ಲ. ಆಮೇಲೆ ಮೊದಲ ಬಾರಿಗೆ ಬರೀ ಬಲಗೈಯಲ್ಲಿ ಹಿಡಿದು ಹೆಬ್ಬೆರಳು ಇಟ್ಟರು. ಮೊದಲ ಸಲ ಜಾರಿತು. ಎರಡನೆಯ ಸಲ ಟಕ್ಕೆಂದು ತೆರೆಯಿತು.

ಇದೇ ಇರಲಿ, ಕಟ್ಟಿಕೊಡಿ ಎನ್ನಲು ನಾನು ಬಾಯಿ ತೆರೆದೆ. ಇವರು ಒಂದು ಲೋಟ ನೀರು ಕೇಳಿದರು. ಕುಡಿಯಲಿಕ್ಕಲ್ಲ. ಬಲಗೈಯನ್ನು ಅದರಲ್ಲಿ ಅದ್ದಿ, ಹಾಗೇ ಚಾಕು ಹಿಡಿದರು. ಹೆಬ್ಬೆರಳು ಜಾರಿತು. ಇನ್ನೊಮ್ಮೆ ಜಾರಿತು. ಇವರ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ನಾನು ಒಂದು, ಎರಡು ಎಂದು ನನ್ನದೇ ಉಸಿರನ್ನು ಎಣಿಸುತ್ತಿದ್ದೆ. ಏಳಕ್ಕೆ ಬಂದಾಗ ಚಾಕು ಕೈತಪ್ಪಿ ಗಾಜಿನ ಮೇಲೆ ಬಿತ್ತು.

ಅಂಗಡಿಯವರು ಅದನ್ನು ಎತ್ತಿಕೊಂಡು ಎರಡು ಸಲ ತೆರೆದು ಮುಚ್ಚಿ ನೋಡಿದರು. ಚಿಕ್ಕ ಸ್ಕ್ರೂಡ್ರೈವರ್ ತೆಗೆದು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪನ್ನು ಬಿಚ್ಚಿ ಹಿಡಿಯ ಆಚೆ ಬದಿಗೆ ಹಾಕಿದರು.

"ಚಾಕು ಚೆನ್ನಾಗಿದೆ. ಎಡಗೈಲಿ ನೋಡಿ," ಎಂದರು.

ಎಡಗೈಯಲ್ಲಿ ಅದು ತಾನೇ ತಾನಾಗಿ ತೆರೆಯಿತು. ನೀರಲ್ಲಿ ಅದ್ದಿದರೂ ತೆರೆಯಿತು. ಕಣ್ಣು ಮುಚ್ಚಿಕೊಂಡು ಇವರು ಹತ್ತಾರು ಸಲ ತೆರೆದರು, ಒಂದು ಸಲವೂ ತಪ್ಪಲಿಲ್ಲ. ಆದರೆ ಎಡಗೈಗೆ ಚಾಕು ಬಂದರೆ ಕಂಬಿಗೆ ಬಲಗೈ, ಅಂದರೆ ಇವರು ಹಗ್ಗದ ಆಚೆ ಬದಿಗೆ ನಿಲ್ಲಬೇಕು. ಆ ಕಡೆಯ ಕಂಬಿ ಹಿಡಿಯಲು ಬಲಗೈಯ ನಾಲ್ಕು ಬೆರಳು ಸಾಕು. ಆದರೆ ಆ ಬದಿ ನನ್ನ ತಮ್ಮನದು. ಆರು ವರ್ಷದಿಂದ ಅವನ ಕಾಲಿಗೆ ರೂಢಿಯಾದ ಜಾಗ ಅದು. ಅದನ್ನು ಬಿಟ್ಟುಕೊಡು ಎಂದರೆ ಅವನು ಯಾಕೆ ಎಂದು ಕೇಳದೆ ಬಿಡುವವನಲ್ಲ.

ಚಾಕು ಕೊಂಡು ರಸ್ತೆಗೆ ಬಂದ ಮೇಲೆ ಸುಳ್ಳಿನ ದಾರಿ ತೋರಿಸಿದವಳು ನಾನೇ. ನನಗೆ ಈಗಲೂ ನಾಚಿಕೆಯಾಗುತ್ತದೆ. ಒಳ್ಳೆಯ ಚಾಕು ಎಡಗೈಯದೇ ಸಿಕ್ಕಿತು, ಅದಕ್ಕೇ ಜಾಗ ಬದಲಿಸೋಣ ಎಂದು ಹೇಳಿದರಾಯಿತು, ಅವನು ನಂಬುತ್ತಾನೆ ಎಂದೆ. ಇವರು ಗಕ್ಕನೆ ನಿಂತರು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋದ.

"ಹತ್ತು ತಿಂಗಳು ಅವನ ಕಾಲನ್ನ ಪಣಕ್ಕಿಟ್ಟಿದೀನಿ ಕಣೇ," ಎಂದರು. "ಇನ್ನೂ ಆಡು ಅಂತೀಯಾ?"

ತಮ್ಮ ಲಾಂಚಿನ ಮೇಲಿನವರಿಗೆ ಒಂದು ಮಾತು ಹಾಕಿದರೆ ಇವರ ಕೆಲಸ ಹೋಯಿತೆಂದೇ ಲೆಕ್ಕ, ಅದು ಇವರಿಗೆ ತಿಳಿಯದ್ದೇನಲ್ಲ. ಆದರೂ ಮನೆ ಕಡೆ ತಿರುಗಬೇಕಾದಲ್ಲಿ ತಿರುಗದೆ ನೇರ ತಮ್ಮನ ಮನೆಯ ದಾರಿ ಹಿಡಿದರು. ಹಿಂದೆ ನಾನು ಓಡೋಡಿ ನಡೆದೆ.

ತಮ್ಮ ಆಗ ತಾನೇ ಸ್ನಾನ ಮುಗಿಸಿ ಬರಿಗಾಲಲ್ಲಿ ಕೂತು ಬೆಳಗಿನ ಬೂಟಿಗೆ ಲೇಸು ಪೋಣಿಸುತ್ತಿದ್ದ. ಅಕ್ಕ ಭಾವ ಜೋಡಿಯಾಗಿ ಬಂದುಬಿಟ್ಟಿದ್ದೀರಲ್ಲ, ಏನು ಸಮಾಚಾರ ಎಂದು ತಮಾಷೆ ಮಾಡಿದ. ಇವರು ಚಾಕುವನ್ನು ಮೇಜಿನ ಮೇಲಿಟ್ಟರು. ನಿಂತುಕೊಂಡೇ ಎಲ್ಲ ಹೇಳಿದರು. ಹೆಬ್ಬೆರಳು, ಡಾಕ್ಟರು, ಹತ್ತು ತಿಂಗಳು, ಗಾಜಿನ ಮೇಲೆ ಬಿದ್ದ ಚಾಕು. ಏನನ್ನೂ ಮುಚ್ಚಿಡಲಿಲ್ಲ, ಕ್ಷಮಿಸು ಎಂದೂ ಕೇಳಲಿಲ್ಲ. ನಾಳೆ ಎಡಗೈಯವನಾಗಿ ನಿನ್ನ ಬದಿಗೆ ನಿಲ್ಲುತ್ತೇನೆ, ಬೇಡವೆಂದರೆ ಬೆಳಗ್ಗೆ ನಾನೇ ಮೇಲಿನವರಿಗೆ ಹೇಳಿ ಬಿಟ್ಟುಬಿಡುತ್ತೇನೆ, ಆಯ್ಕೆ ನಿನ್ನದು ಎಂದರು.

ತಮ್ಮ ತನ್ನ ಪಾದಗಳನ್ನೇ ನೋಡುತ್ತಾ ಕೂತ. ಆಮೇಲೆ ಚಾಕು ಎತ್ತಿ ಇವರ ಎಡಗೈಗೆ ಕೊಟ್ಟು, ತೆಗೀರಿ ಎಂದ. ತೆರೆಯಿತು. ಇನ್ನೊಮ್ಮೆ ಎಂದ. ಮತ್ತೆ ತೆರೆಯಿತು. ಹಾಗೆ ಎಂಟು ಸಲ ತೆರೆಸಿ, ಬೆಳಗ್ಗೆ ಅರ್ಧ ಗಂಟೆ ಮುಂಚೆ ಬನ್ನಿ, ಜಾಗ ಬದಲಿಸಿ ಅಭ್ಯಾಸ ಮಾಡೋಣ ಎಂದ. ನನ್ನ ಕಣ್ಣು ತುಂಬಿ ಬಂತು. ಮುಗಿಯಿತು ಅಂದುಕೊಂಡೆ.

ಆಗ ಅವನು ನನ್ನ ಕಡೆ ತಿರುಗಿದ.

"ಅಕ್ಕಾ, ನಿಂಗೂ ಗೊತ್ತಿತ್ತಾ?"

"ಅವಳಿಗೆ ಗೊತ್ತಿರ್ಲಿಲ್ಲ," ಎಂದುಬಿಟ್ಟರು ಇವರು, ನನಗಿಂತ ಮೊದಲೇ. "ಇವತ್ತೇ ಗೊತ್ತಾಗಿದ್ದು."

ಆ ಸಂಜೆ ಅಲ್ಲಿಯವರೆಗೆ ಒಂದೂ ಸುಳ್ಳಾಡದ ಮನುಷ್ಯ ನನಗೋಸ್ಕರ ಆಡಿದ ಸುಳ್ಳು ಅದು. ತಮ್ಮನ ಮುಖ ಸಡಿಲವಾಗಿದ್ದು ನನಗೆ ಕಂಡಿತು. ನಾನು ಸುಮ್ಮನಿದ್ದರೆ ಸಾಕಿತ್ತು.

"ಗೊತ್ತಿತ್ತು ಕಣೋ," ಎಂದೆ. "ಮೊದಲಿಂದ್ಲೂ."

ಅವನು ಬೈಯಲಿಲ್ಲ. ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಟ್ಟಿದ್ದ ತೂತಿನಿಂದ ಮತ್ತೆ ಲೇಸು ಪೋಣಿಸತೊಡಗಿದ. ನಾವು ಹೊರಟಾಗ, ಬೆಳಗ್ಗೆ ಸಿಗೋಣ ಭಾವ ಎಂದ. ನನಗೆ ಏನೂ ಹೇಳಲಿಲ್ಲ. ಮಾರನೆಯ ದಿನ, ಆ ಸೆಳೆತದಲ್ಲಿ, ಎಂಟು ಟ್ರಿಪ್ಪೂ ಅವನು ಇವರಿಗೆ ಬೆನ್ನು ಕೊಟ್ಟು ನಿಂತ. ಈಗಲೂ ನಿಲ್ಲುತ್ತಾನೆ. ಭಾವ ತಾವಾಗಿ ಬಂದು ಹೇಳಿದವರು. ನಾನು ಬಾಯಿ ಬಿಡಬೇಕಾದರೆ ಅವನೇ ಕೇಳಬೇಕಾಯಿತು.