ಗಪ್ ಕೂತು ಓದಿದ ತಪ್ಪಿಗೆ

ಬಾಯಿ ಬಿಟ್ಟಿದ್ದಕ್ಕೆ ಏಟು ತಿಂದ ಹೆಣ್ಣುಮಕ್ಕಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಏಟು ತಿಂದವಳನ್ನು ಕಂಡಿದ್ದೀರಾ? ನಾನು ಹೋದ ಶುಕ್ರವಾರ ಮಸ್ಕಿಯಲ್ಲಿ ಕಂಡೆ. ಅವಳ ಹೆಸರು ಹುಲಿಗೆಮ್ಮ. ಒಂಬತ್ತು ವರ್ಷದವಳು, ಮೂರನೆಯ ತರಗತಿ. ಮಾಡಿದ ತಪ್ಪೇನೆಂದರೆ, ಪುಸ್ತಕ ಓದಿದ್ದು.

ನಗಬೇಡಿ. ಈ ವಾರ ನಿಮ್ಮನ್ನು ನಗಿಸುವ ಮನಸ್ಸು ನನಗಿಲ್ಲ.

ಉರ್ದುವಿನಲ್ಲಿ ನಡೆಯುವ ನಮ್ಮ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರ, ಲಿಂಗಸುಗೂರಿನ ಕೋರ್ಟಿಗೂ. (ವಕೀಲನ ಬಾಯಿಗೂ ಅಂದು ರಜೆ ಇರಬಾರದೇ ಎಂದು ನನ್ನಾಕೆ ಕೇಳುತ್ತಾಳೆ.) ತಂಗಿಯನ್ನು ನೋಡಿ ಬರೋಣವೆಂದು ಬಸ್ಸು ಹತ್ತಿ ಮಸ್ಕಿಗೆ ಹೋಗಿದ್ದೆ. ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೇನೆ, ಎದುರು ಮನೆಯಿಂದ ಛಟೀರ್ ಎಂದು ಸದ್ದು. ಹಿಂದೆಯೇ ಹುಡುಗಿಯ ಅಳು. ಅದರ ಹಿಂದೆ ಗಂಡಸಿನ ಕೂಗು: "ಓದಬೇ! ಬಾಯಿ ತಗದು ಓದು! ಯಾರಿಗಿ ಮೋಸ ಮಾಡಾಕತ್ತೀ?"

ಕಪ್ಪು ಕೆಳಗಿಟ್ಟು ಓಡಿದೆ. ಕುರಿ ಕಾಯುವ ದುರ್ಗಪ್ಪ, ನಮ್ಮ ತಂಗಿಯ ಎದುರು ಮನೆಯವನು, ಒಳ್ಳೆಯ ಮನುಷ್ಯ. ಊರಿನಲ್ಲಿ ಯಾರ ಜೊತೆಗೂ ಜಗಳವಾಡಿದವನಲ್ಲ. ಅವನು ಕೈ ಎತ್ತಿಕೊಂಡು ನಿಂತಿದ್ದಾನೆ. ಮಗಳು ಪುಸ್ತಕವನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ. ಬಾಗಿಲಲ್ಲಿ ಅವನ ತಾಯಿ, ತಲೆಯ ಮೇಲೆ ಕೈ ಹೊತ್ತುಕೊಂಡು.

"ಏ ದುರ್ಗಪ್ಪ, ಕೈ ಇಳಸು ಮೊದಲ! ಏನ್ ಮಾಡ್ಯಾಳೋ ಕೂಸು?"

"ಏನೂ ಮಾಡವಲ್ಲಳ್ರೀ ವಕೀಲ್ರ! ಅದಕ್ಕ ಹೊಡಿಯಾಕತ್ತೀನಿ. ಹ್ವಾದ ವರ್ಷ ದೀಪ ಹಚ್ಚೋ ಹೊತ್ತಿಗೆ ಕಟ್ಟಿಮ್ಯಾಲ ಕುಂತು ಒದರಾಕ ಹತ್ತಿದ್ಳಂದ್ರ ಊರ ಅಗಸಿತನಕ ಕೇಳತಿತ್ತು. ಈಗ ನೋಡ್ರಿ. ಪುಸ್ತಕ ತೊಡಿಮ್ಯಾಲ ಇಟಗೊಂಡು ಗಪ್ ಕುಂದರತಾಳ. ತುಟಿ ಸೈತ ಅಲಗಂಗಿಲ್ಲ. ಕೇಳಿದ್ರ 'ಓದಾಕತ್ತೀನಪ್ಪಾ' ಅಂತಾಳ. ನಾನೇನ್ ಕಿವುಡ ಏನ್ರೀ?"

ಈಗ ನೀವೇ ಹೇಳಿ. ಇವನನ್ನು ಬಯ್ಯಲು ನನಗೆ ಬಾಯಿ ಹೇಗೆ ಬರಬೇಕು?

ನಮ್ಮ ಕಡೆ ಮಗುವಿನ ಓದನ್ನು ಅಪ್ಪ ಪರೀಕ್ಷೆ ಮಾಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಅಕ್ಷರ ಬಾರದವನು ಇನ್ನು ಹೇಗೆ ಮಾಡಿಯಾನು? ಹಳ್ಳಿಯ ಗಾವಟಿ ಶಾಲೆಯಲ್ಲಿ ಐಗಳು ಪಾಠ ಹೇಳುತ್ತಿದ್ದ ಕಾಲದಿಂದ ನಡೆದುಬಂದದ್ದು ಇದು. "ಎರಡೊಂದ್ಲ ಎರಡು, ಎರಡೆರಡ್ಲ ನಾಕು" ಎಂದು ಮಗು ಗಂಟಲು ಹರಿದುಕೊಳ್ಳಬೇಕು. ಅಪ್ಪ ಉಣ್ಣೆ ಹಿಂಜುತ್ತಾ ಕೇಳಬೇಕು. ಎಲ್ಲಿ ತಡೆಯಿತು, ಎಲ್ಲಿ ನುಂಗಿತು ಎಂದು ಅವನಿಗೆ ತಿಳಿಯುತ್ತದೆ. ತಡೆದಲ್ಲಿ ಕೆಮ್ಮುತ್ತಾನೆ. ಮಗು ಹಿಂದಕ್ಕೆ ಹೋಗಿ ಮತ್ತೆ ಹಿಡಿಯುತ್ತದೆ. ಓಣಿಯ ಮುದುಕಿಯರೂ ಕೇಳಿ ಕೇಳಿ ಹನ್ನೆರಡರ ಮಗ್ಗಿಯವರೆಗೆ ಬಲ್ಲರು. ಓದಿನ ಲೆಕ್ಕವೆಲ್ಲ ಇಲ್ಲಿ ಗಂಟಲಿನದ್ದು.

ಈ ವರ್ಷ ಸುತ್ತಿನ ಶಾಲೆಗಳಿಗೆಲ್ಲ ಹೊಸ ಕ್ರಮ ಬಂದಿದೆ. ಒದರಬಾರದು. ಮನಸ್ಸಿನಲ್ಲಿ ಓದಬೇಕು. ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಗಿಳಿಪಾಠ ಒಪ್ಪಿಸಿದರೆ ಪಾಸ್ ಇಲ್ಲ.

ಕ್ರಮ ಒಳ್ಳೆಯದೇ! ನಾನು ಅದಕ್ಕೆ ವಿರೋಧಿಯಲ್ಲ. ಅರ್ಥ ತಿಳಿಯದೆ ಒದರಿ ದೊಡ್ಡವರಾದವರನ್ನು ನಾನು ಕೋರ್ಟಿನಲ್ಲಿ ದಿನಾ ನೋಡುತ್ತೇನೆ. ಆದರೆ ಆ ಒಳ್ಳೆಯ ಕ್ರಮವನ್ನು ದುರ್ಗಪ್ಪನಿಗೆ ಯಾರು ಹೇಳಿದರು? ಯಾರೂ ಇಲ್ಲ. ಅವನಿಗೆ ಗೊತ್ತಾದದ್ದು ಇಷ್ಟೇ: ಮನೆ ಗಪ್ ಆಯಿತು. ಓಣಿ ಮಾತಾಡತೊಡಗಿತು. "ದುರ್ಗಪ್ಪನ ಮಗಳು ಸಾಲಿ ಮರ್ತಾಳ."

ಮುದುಕಿ ನನ್ನ ಮುಂದೆ ಬಂದು ಕೂತಳು. "ಗಾಳಿ ಸೋಕೇತೋ ಯಪ್ಪಾ. ಪುಸ್ತಕ ನೋಡಕೋತ ಕಣ್ಣು ಅತ್ತಾಗ ಇತ್ತಾಗ ಆಡಸ್ತಾಳ, ಮಾತು ಹೊರಗ ಬರವಲ್ದು. ಪೂಜಾರಿ ಕಡಿಂದ ದಾರ ಕಟ್ಟಿಸೀನಿ, ಅದೂ ಹಿಡಿವಲ್ದು."

ಹುಡುಗಿಯ ಕೊರಳಲ್ಲಿ ಕರಿ ದಾರ! ಓದುವ ರೋಗಕ್ಕೆ ಮದ್ದು!

"ಅದಕ್ಕ ನಾಳೆ ನನ್ನ ಹೆಂಡ್ತಿ ತಮ್ಮ ಬರಾಕತ್ತಾನ್ರೀ," ಎಂದ ದುರ್ಗಪ್ಪ, ನೆಲ ನೋಡುತ್ತಾ. "ಪಾಮನಕಲ್ಲೂರಿನ ಅಮರಪ್ಪ. ಮಧ್ಯಾನ್ನ ಎಲಿ ಅಡಿಕಿ ತರತಾನ. ಅವನ ಮಗಗ ಇಕಿನ್ನ ಕೊಟ್ಟುಬಿಡತೀನಿ. ಸಾಲಿ ತಲಿಗಿ ಹತ್ತಲಿಲ್ಲಂದ ಮ್ಯಾಲ ಕೂಸಿನ್ನ ಮನ್ಯಾಗ ಇಟಗೊಂಡು ಏನ್ ಮಾಡ್ಲಿ?"

ಕೇಳಿದಿರಾ? ಒಂಬತ್ತು ವರ್ಷದ ಹುಡುಗಿಯ ಮದುವೆಯ ಮಾತು ಪಕ್ಕಾ ಆಗಲು ಒಂದು ರಾತ್ರಿ ಉಳಿದಿದೆ. ಕಾರಣ, ಅವಳು ಮಾಸ್ತರರು ಹೇಳಿದಂತೆ ಕೇಳಿದಳು!

ಮೈಯೆಲ್ಲ ಉರಿಯಿತು. "ನಾಳೆ ಮುಂಜಾನೆ ನನ್ನ ಜೋಡಿ ಸಾಲಿಗೆ ಬಾ. ಆಮ್ಯಾಲ ನಿನ್ನ ಎಲಿ ಅಡಿಕಿ," ಎಂದೆ. ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಬಿಟ್ಟೆ. ಕಕ್ಷಿಗಾರ ಬೈದುಕೊಳ್ಳಲಿ.

ಶನಿವಾರ ಶಾಲೆಗೆ ಹೋದೆವು. ಅಪ್ಪ ಕಂಬಳಿ ಹೊದ್ದು ಮುಂದೆ, ಮಗಳು ಹಿಂದೆ, ನಾನು ಸಿಟ್ಟಿನಲ್ಲಿ ಇಬ್ಬರಿಗಿಂತ ಮುಂದೆ. ಮಾಸ್ತರರು ನಮ್ಮ ಕಡೆಯವರೇ, ಮನೆಯಲ್ಲಿ ಕನ್ನಡ ಮಾತಾಡುವವರೇ.

"ಮಾಸ್ತರ್ರ, ಹೊಸ ಕ್ರಮದ ಬಗ್ಗೆ ತಂದಿ ತಾಯಿಗೆ ಹೇಳೀರೇನು?"

"ಹೇಳೀವಲ್ರೀ! ಮೀಟಿಂಗ್ ಮಾಡೀವಿ. ಸಾಲಿ ಇಲಾಖೆ ದೊಡ್ಡ ಸಾಹೇಬ್ರು ಖುದ್ದ ಬಂದಿದ್ರು. ಭಾಷಣ ಮಾಡಿ, 'ಸಮಝ್ ಗಯೇ?' ಅಂತ ಕೇಳಿದ್ರು. ಎಲ್ಲಾರೂ 'ಜೀ ಹುಜೂರ್' ಅಂದ್ರು."

ದುರ್ಗಪ್ಪನ ಕಡೆ ತಿರುಗಿದೆ. "ನೀ ಬಂದಿದ್ದೇನು?"

"ಬಂದಿದ್ದೆ. ಬಿಸಲಾಗ ಕುಂತಿದ್ದೆ."

"ಏನ್ ಹೇಳಿದ್ರು?"

"ತುರಕ ಮಾತಿನ್ಯಾಗ ಹೇಳಿದ್ರು. ನಮಗೇನ್ ತಿಳಿತೈತ್ರೀ?"

"ಮತ್ತ ತಿಳೀತು ಅಂತ ಯಾಕಂದಿ?"

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ಸಾಹೇಬ ಕೇಳಿದ ಮ್ಯಾಲ 'ಜೀ ಹುಜೂರ್' ಅನಬೇಕಲ್ರೀ. ಇಲ್ಲಂದ್ರ ಅವರ ಸಾಮಾನು ಹೊರಾಕ ಬಿಟ್ಟಿ ಹಿಡಿತಾರ. ನಾ ಅಂತೂ ತೆರಿಗಿಗಿ ಕುರಿ ಎಣಸಾಕ ಕರದಾರ ಅಂತ ತಿಳದು ಮುಂಜಾನೆನ ಹಿಂಡು ಗುಡ್ಡದ ಹಿಂದಕ ಅಟ್ಟಿ ಬಂದಿದ್ದೆ. ನಾ ಒಬ್ಬನ ಅಲ್ರೀ, ಎಲ್ಲಾರೂ ಅಟ್ಟಿದ್ವಿ."

ಓದುಗರೇ, ಸ್ವಲ್ಪ ನಿಲ್ಲಿ. ಇದನ್ನು ಇನ್ನೊಮ್ಮೆ ಓದಿ. ಮಕ್ಕಳ ವಿದ್ಯೆಯ ಮಾತು ಆಡಲು ಕರೆದರೆ ಅಪ್ಪಂದಿರು ಕುರಿ ಬಚ್ಚಿಟ್ಟು ಬರುತ್ತಾರೆ! ಅವರದೇನು ತಪ್ಪು? ಸರ್ಕಾರದ ಕುದುರೆ ಊರಿಗೆ ಬಂದಾಗಲೆಲ್ಲ ಏನಾದರೂ ಕೇಳಲೆಂದೇ ಬಂದಿದೆ. ಕೊಡಲು ಬಂದದ್ದನ್ನು ಅವರು ಯಾವ ಜನ್ಮದಲ್ಲಿ ಕಂಡಿದ್ದಾರೆ? (ಸಂಪಾದಕರೇ, ಈ ಸಾಲಿನ ಮೇಲೆ ಮಸಿ ಎಳೆಯುವ ಮೊದಲು ನೀವೂ ಒಮ್ಮೆ ಎದೆ ಮುಟ್ಟಿ ನೋಡಿಕೊಳ್ಳಿ.)

ಇನ್ನು ಮಾಸ್ತರರು. "ನೀವು ಅಲ್ಲೇ ನಿಂತಿದ್ರಲ್ಲ, ಕನ್ನಡದಾಗ ಎರಡು ಮಾತು ತಿಳಿಸಿ ಹೇಳಬಾರದಿತ್ತೇನ್ರೀ?"

"ಸಾಹೇಬ್ರ ಮುಂದ ನಾ ಹೆಂಗ ಬಾಯಿ ತಗೀಲಿ ವಕೀಲ್ರ?"

ಭಲೆ! ಸಾಹೇಬರು ಹೋದ ಮೇಲೆ? ಮರುದಿನ? ಅದರ ಮರುದಿನ? ನೀರಿಗೆ ಹೋಗುವಾಗ, ಸಂತೆಗೆ ಹೋಗುವಾಗ, ಇದೇ ದುರ್ಗಪ್ಪ ದಾರಿಯಲ್ಲಿ ಸಿಕ್ಕು "ಶರಣ್ರೀ ಮಾಸ್ತರ್ರ" ಎಂದಾಗ? ಉರ್ದುವಿನಲ್ಲಿ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ, ಆ ಭಾಷೆಯಲ್ಲಿಯೇ ವಾದ ಮಾಡಿ ನಾನು ಅನ್ನ ತಿನ್ನುತ್ತೇನೆ. ಕೇಳುವವನಿಗೆ ಬಾರದ ಭಾಷೆಯಲ್ಲಿ ಹೇಳಿ, ಹೇಳಿಯಾಯಿತು ಎಂದು ಕೈ ತೊಳೆದುಕೊಂಡರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಹುಡುಗಿಯ ಕೈಗೆ ಪುಸ್ತಕ ಕೊಟ್ಟರು. "ಹುಲಿಗೆಮ್ಮ, ಈ ಪಾಠ ಮನಸ್ನ್ಯಾಗ ಓದಿ ಅಪ್ಪಗ ಹೇಳವಾ." ಅವಳು ಓದಿದಳು. ಹೇಳಿದಳು. ಬಾವಿಯ ನೀರನ್ನು ಹೊಲಸು ಮಾಡಬಾರದು, ಮಾಡಿದರೆ ಊರಿಗೆ ಊರೇ ಮಲಗುತ್ತದೆ, ಹೀಗೆ. ಚೆನ್ನಾಗಿಯೇ ಹೇಳಿದಳು. ನಾನು ಮೀಸೆ ತಿರುವಿದೆ.

ದುರ್ಗಪ್ಪನ ಮುಖ ಮಾತ್ರ ಹಾಗೇ ಇತ್ತು. "ಪುಸ್ತಕದಾಗ ಅದ ಐತಿ ಅಂತ ನನಗ ಹೆಂಗ ತಿಳಿಬೇಕ್ರೀ? ಇಕಿ ತಾನ ಕಟ್ಟಿ ಹೇಳಿದ್ರ? ನೀವಿಬ್ರೂ ಇಕಿ ಕಡೆಯವ್ರು."

ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಹಿಂದೆ ಅವನಿಗೆ ಕಿವಿಯ ಸಾಕ್ಷಿ ಇತ್ತು. ಈಗ ನಾವು ಅದನ್ನು ಕಿತ್ತುಕೊಂಡು, ನಮ್ಮನ್ನು ನಂಬು ಎನ್ನುತ್ತಿದ್ದೇವೆ. ಯಾಕೆ ನಂಬಬೇಕು?

ನಾನು ಶಾಲೆಯ ಕಲ್ಲು ಪಾಟಿ, ಬಳಪ ಹಿಡಿದು ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದೊಯ್ದೆ. "ನಿನಗೊಬ್ಬನಿಗೇ ಗೊತ್ತಿರೋ ಮಾತು ಒಂದು ಹೇಳು. ಮನ್ಯಾಗ ಯಾರಿಗೂ ಹೇಳಿರಬಾರದು. ಪಾಟಿ ಮ್ಯಾಲ ಬರೀತೀನಿ. ನಾನೂ ಬಾಯಿ ಬಿಡಂಗಿಲ್ಲ, ನೀನೂ ಬಿಡಬ್ಯಾಡ."

ಅವನು ಅತ್ತಿತ್ತ ನೋಡಿದ. ಆಮೇಲೆ ಕಿವಿಯಲ್ಲಿ ಹೇಳಿದ. ಬರೆದೆ: "ಕರಿ ಕಿವಿ ಕುರಿಯ ಹಿಂಗಾಲಿಗೆ ನಿನ್ನೆ ಜಾಲಿ ಮುಳ್ಳು ನಟ್ಟಿತ್ತು. ಗುಡ್ಡದ ಹಿಂದ ಕುಂದರಿಸಿ ತಗದೀನಿ. ರಕ್ತ ಬಂತು."

ಒಳಗೆ ಬಂದು ಪಾಟಿಯನ್ನು ಹುಡುಗಿಯ ಕೈಗಿಟ್ಟೆ. ಅವಳು ನೋಡಿದಳು. ತುಟಿ ಅಲುಗಲಿಲ್ಲ, ಕಣ್ಣು ಮಾತ್ರ ಅತ್ತ ಇತ್ತ ಓಡಾಡಿತು. ದುರ್ಗಪ್ಪ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ. ನಾನೂ ಅಷ್ಟೇ, ಸುಳ್ಳು ಯಾಕೆ ಹೇಳಲಿ? ಈ ಮೂರು ಸಾಲು ಅವಳು ತಪ್ಪಿದರೆ ಮಧ್ಯಾಹ್ನ ಎಲೆ ಅಡಿಕೆ.

ಹುಡುಗಿ ತಲೆ ಎತ್ತಿದಳು. ಪಾಟಿಯಲ್ಲಿದ್ದದ್ದನ್ನು ಹೇಳಲೇ ಇಲ್ಲ.

"ಅಪ್ಪಾ, ಅರಿಷಿಣ ಹಚ್ಚಿಯೇನು? ಹಂಗ ಬಿಟ್ರ ಹುಳ ಬೀಳತಾವ."

ದುರ್ಗಪ್ಪ ಪಾಟಿಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅರಿಷಿಣದ ಮಾತು ಪಾಟಿಯಲ್ಲಿ ಇರಲಿಲ್ಲ, ಅದು ಅವನಿಗೂ ಗೊತ್ತು. ಮುಳ್ಳಿನ ಸುದ್ದಿ ಓದಿ, ಕುರಿಯ ನೋವು ತಿಳಿದು, ಮುಂದೇನು ಎಂದು ಕೇಳಿದಳು ಹುಡುಗಿ. ಇದಕ್ಕಿಂತ ದೊಡ್ಡ ಪಾಸ್ ಯಾವ ಸಾಹೇಬರು ಕೊಟ್ಟಾರು?

ಪಾಟಿ ಕೆಳಗಿಟ್ಟ. ಮಗಳ ತಲೆ ಸವರಿದ. ಮಾಸ್ತರರ ಮುಂದೆ ಹೋಗಿ ನಿಂತ. ಜೀ ಹುಜೂರ್ ಎನ್ನುವ ಮನುಷ್ಯ ಅಲ್ಲಿರಲಿಲ್ಲ. "ಇಷ್ಟ ಮಾತು ಆವತ್ತ ಯಾಕ ಹೇಳಲಿಲ್ರೀ ಮಾಸ್ತರ್ರ? ನಾ ಕೂಸಿಗಿ ಸುಮ್ಸುಮ್ಕ ಹೊಡದೆನಲ್ರೀ!" ಮಾಸ್ತರರು, ಸಾಹೇಬರೇನಾದರೂ ಬಂದರೇ ಎಂಬಂತೆ, ಬಾಗಿಲ ಕಡೆ ನೋಡುತ್ತಿದ್ದರು.

ಈಗ ನಿಮಗೆ ಬರುತ್ತೇನೆ, ಸಿಂಧನೂರು, ಲಿಂಗಸುಗೂರಿನ ಅಕ್ಷರಸ್ಥ ಮಹನೀಯರೇ! ನೀವು ಈ ಪತ್ರಿಕೆ ಓದುತ್ತೀರಿ, ಗಪ್ ಕೂತೇ ಓದುತ್ತೀರಿ, ನಿಮಗೆ ಯಾರೂ ಹೊಡೆಯುವುದಿಲ್ಲ. ನಿಮ್ಮ ಎದುರು ಮನೆಯ ಅಪ್ಪನಿಗೆ ಇಷ್ಟು ಹೇಳಲು ನಾಲಗೆ ಸವೆಯುತ್ತದೆಯೇ? ಮಗು ಸುಮ್ಮನೆ ಓದುತ್ತಿದ್ದರೆ ಓದಲಿ. ಮುಗಿದ ಮೇಲೆ "ಏನ್ ಓದಿದಿ, ನನಗ ಹೇಳು" ಎನ್ನಿ. ಅರ್ಥವಾಗದಿದ್ದರೆ "ಯಾಕ?" ಎಂದು ಕೇಳಿ. ತಡವರಿಸಿದರೆ ತಾಳಿಕೊಳ್ಳಿ. ಅನುಮಾನವಿದ್ದರೆ ಬರೆಯಬಲ್ಲ ನೆರೆಯವನನ್ನು ಕರೆದು ಪಾಟಿಯ ಮೇಲೆ ಎರಡು ಸಾಲು ಬರೆಸಿ. ಇದಕ್ಕೆ ಅಪ್ಪನಿಗೆ ಅಕ್ಷರ ಬೇಕಿಲ್ಲ. ಕೇಳುವ ಕಿವಿ ಸಾಕು, ಅದು ಅವನಿಗೆ ಮೊದಲಿನಿಂದಲೂ ಇದೆ.

ಮಧ್ಯಾಹ್ನ ಅಮರಪ್ಪ ಬಂದ. ಹೊಸ ರುಮಾಲು, ಕೈಯಲ್ಲಿ ಎಲೆ ಅಡಿಕೆ. ದುರ್ಗಪ್ಪ ನೀರು ಕೊಟ್ಟ, ಊಟಕ್ಕೆ ಕೂರಿಸಿದ, ಕೈ ಮುಗಿದ. "ಈಗ ಬ್ಯಾಡೋ ಮಾರಾಯಾ. ಹುಡುಗಿ ಸಾಲಿ ಕಲಿಯಾಕತ್ತಾಳ." ಮುದುಕಿ ಗೊಣಗಿದಳು, ಆದರೆ ಮೊಮ್ಮಗಳ ಕೊರಳಿನ ದಾರ ತಾನೇ ಬಿಚ್ಚಿದಳು.

ಅಮರಪ್ಪನಿಗೆ ಬೇಜಾರಾಯಿತು. ನಡೆದದ್ದನ್ನೆಲ್ಲ ದುರ್ಗಪ್ಪ ಹೇಳಿದ. ಕೇಳುತ್ತಾ ಕೇಳುತ್ತಾ ಅಮರಪ್ಪನ ಕೈ ರೊಟ್ಟಿಯ ಮೇಲೆ ನಿಂತುಹೋಯಿತು.

"ನಮ್ಮ ಹುಡುಗನೂ ಹಿಂಗ ಮಾಡತಿದ್ದ," ಎಂದ ಮೆಲ್ಲಗೆ, ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ. "ಪುಸ್ತಕ ನೋಡಕೋತ ಗಪ್ ಕುಂದರತಿದ್ದ. ಒಮ್ಮೊಮ್ಮೆ ತನ್ನಷ್ಟಕ್ಕ ತಾನ ನಗತಿದ್ದ. ತಲಿ ಕೆಟ್ಟೈತಿ ಅಂತ ಹ್ವಾದ ತಿಂಗಳ ಸಾಲಿ ಬಿಡಿಸಿ ಗೌಡ್ರ ಮನ್ಯಾಗ ಜೀತಕ್ಕ ಇಟ್ಟೀನ್ರೀ. ವರ್ಷದ ಮಾತು ಕೊಟ್ಟುಬಿಟ್ಟೀನಿ."

ಪುಸ್ತಕ ನೋಡಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದ ಆ ಹುಡುಗನ ಶಾಲೆ ತಪ್ಪಿತಲ್ಲ, ಆ ಫೇಲನ್ನು ಸಾಹೇಬರು ಯಾರ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ, ಅವನದೋ, ನಮ್ಮದೋ?