ಹೆಮ್ಮಾಡಿ ದಾಟದ ಕಾರು

ಹೆಮ್ಮಾಡಿ ಬರುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪು ಗೆರೆ ಮುಟ್ಟಿತು. ಗಿರಿಜಾ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದಳು. ಬಿಜೂರಿನ ತವರುಮನೆ ಇನ್ನೂ ದೂರವಿತ್ತು. ಹಟ ಮಾಡಿ ಓಡಿಸಿದರೆ ಎಂಜಿನ್ ಹಿಡಿದುಕೊಂಡು, ಬೇರೆಯದನ್ನೇ ಕೂರಿಸಬೇಕಾದೀತು. ಆಗ ಈ ಸದ್ದು ಹೋಗಿಬಿಡುತ್ತದೆ. ಅವಳಿಗೆ ಬೇಕಾದದ್ದು ಆ ಸದ್ದೇ.

ಅದು ಅಪ್ಪಯ್ಯನ ಕಾರು. ಹೊಲಿಗೆ ಮಿಷನ್ನಿನಂಥ ಅದರ ಟಕಟಕ ಗದ್ದೆಯ ಆಚೆಯಿಂದಲೇ ಕೇಳುತ್ತಿತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ಅಣ್ಣ ರತ್ನಾಕರ, "ನಿಂಗೇ ಇರ್ಲಿ" ಎಂದು ಕೀ ಕೊಟ್ಟಿದ್ದ. ಅಣ್ಣನ ಜೊತೆಗಿರುವ ಅಮ್ಮನಿಗೆ ಈಚೆಗೆ ಮರೆವು. ಆದರೂ ಕಾರಿನ ಸದ್ದು ಕೇಳಿದರೆ ಅಂಗಳಕ್ಕೆ ಬಂದು, "ಗಿರಿಜ ಬಂತ್" ಎನ್ನುತ್ತಿದ್ದರು. ಕಾರು ಬಿಸಿಯಾಗತೊಡಗಿದ ಮೇಲೆ ಒಮ್ಮೆ ಗಿರಿಜಾ ಬಸ್ಸಿನಲ್ಲಿ ಹೋಗಿದ್ದಳು. ಅಮ್ಮ ಬಹಳ ನಯವಾಗಿ, "ನೀವ್ ಯಾರ್ ಮನಿಯರ್? ಆಸ್ರಿಗ್ ನೀರ್ ಎಂತಾರೂ ಬೇಕಾ?" ಎಂದು ಕೇಳಿದ್ದರು.

ಆಮೇಲೆ ಅವಳು ಬಸ್ಸು ಹತ್ತಲಿಲ್ಲ.

ಎಂಜಿನ್ ತಣಿದ ಮೇಲೆ ಮೆಲ್ಲಗೆ ಹಿಂದಿರುಗಿ, ಮರುದಿನ ಕೋಟೇಶ್ವರದ ತನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ, ತೆಕ್ಕಟ್ಟೆಯಲ್ಲಿರುವ ಯತೀಶನ ಗ್ಯಾರೇಜಿಗೆ ಹೋದಳು.

"ಹ್ವಾಯ್ ಗಿರಿಜಕ್ಕ, ಇದ್ ಕಾರಾ, ಬಚ್ಚಲ್ ಒಲಿಯಾ?"

"ಒಲಿ ಆರೆ ನಿನ್ ಹತ್ರ ಎಂತಕ್ ತತ್ತಿದ್ದೆ? ಕಾಣ್ ಮರಾಯ."

"ಹೊಸ್ತ್ ತಕಣಿ ಅಂದ್ರೆ ನೀವ್ ಕೇಂತಿಲ್ಲ."

ಬ್ಲೌಸು ಸರಿಯಾಗಿ ಕೂರದಿದ್ದರೆ ಗಿರಿಜಾ ಎಲ್ಲ ಹೊಲಿಗೆಯನ್ನೂ ಒಟ್ಟಿಗೆ ಬಿಚ್ಚುವವಳಲ್ಲ. ಎಲ್ಲಿ ಬಿಗಿ, ಯಾವಾಗ ಬಿಗಿ ಎಂದು ಮೊದಲು ನೋಡುತ್ತಾಳೆ. ಕಾರನ್ನೂ ಹಾಗೇ ನೋಡಿಕೊಂಡು ಬಂದಿದ್ದಳು. "ಪ್ಯಾಟಿಯಂಗೆ ಬಿಸಿ ಆತಿಲ್ಲ. ಹೈವೇಯಂಗೆ ಸ್ಪೀಡ್ ಹೋರೆ ಮಾತ್ರ."

ಯತೀಶ ನಗು ನಿಲ್ಲಿಸಿ ಬಾನೆಟ್ ಎತ್ತಿದ. ನೀರು ಎಲ್ಲೂ ಸೋರಿರಲಿಲ್ಲ. ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಹಿಂದೆಯೇ ಬದಲಾಯಿಸಿದ್ದ. ಆಯಿಲಿಗೆ ನೀರು ಬೆರೆತಿರಲಿಲ್ಲ, ಹೊಗೆ ಬೆಳ್ಳಗಿರಲಿಲ್ಲ. ಎಂಜಿನ್ನಿನ ಒಳಗೆ ಏನೂ ಒಡೆದಂತಿರಲಿಲ್ಲ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಪೈಪುಗಳನ್ನು ಮುಟ್ಟಿ ನೋಡಿದ. ರೇಡಿಯೇಟರಿಗೆ ಬಿಸಿನೀರು ಹೋಗುವ ಮೇಲಿನ ಪೈಪು ಸುಡುತ್ತಿತ್ತು. ತಣಿದ ನೀರು ಮರಳಬೇಕಾದ ಕೆಳಗಿನ ಪೈಪೂ ಹೆಚ್ಚುಕಡಿಮೆ ಅಷ್ಟೇ ಸುಡುತ್ತಿತ್ತು. ಅಂದರೆ ನೀರು ಸುತ್ತುತ್ತಿದೆ, ತಣಿಯುತ್ತಿಲ್ಲ.

ಫ್ಯಾನು ತಿರುಗುತ್ತಿದ್ದಾಗ ಕಾರಿನ ಮೂತಿಗೆ ಒಂದು ತೆಳುವಾದ ಕಾಗದ ಹಿಡಿದ. ಒಳಗೆ ಗಾಳಿ ಎಳೆಯುತ್ತಿದ್ದರೆ ಅದು ಅಲ್ಲೇ ಅಂಟಿಕೊಳ್ಳಬೇಕಿತ್ತು. ಜಾರಿ ನೆಲಕ್ಕೆ ಬಿತ್ತು.

"ಎದ್ರಿಂದ ಕಂಡ್ರೆ ಸ್ವಚ್ಛ ಇತ್ತಲ್ದಾ?" ಎಂದಳು ಗಿರಿಜಾ.

"ಎದ್ರಿಗ್ ಕಾಂಬುದ್ ಎ.ಸಿ.ದ್ ಜಾಲಿ. ರೇಡಿಯೇಟರ್ ಅದ್ರ್ ಹಿಂದ್."

ನಟ್ಟು ಬಿಚ್ಚಿ ಎರಡನ್ನೂ ಬೇರೆ ಮಾಡಿದಾಗ ನಡುವಿನ ಸಂದಿನಲ್ಲಿ ಕಂಬಳಿಯಂಥದ್ದೊಂದು ಪದರ ಸಿಕ್ಕಿತು. ಯತೀಶ ಚಿವುಟಿ ಬೆಳಕಿಗೆ ಹಿಡಿದ. ಸಿಂಗಾರದ ಹೂವು.

ನವರಾತ್ರಿಯ ವಾಹನ ಪೂಜೆಗೆ ಊರವರೆಲ್ಲ ಬಾನೆಟ್ಟಿನ ಮೇಲೆ ಹಾರ ಹಾಕಿದರೆ, ಅಪ್ಪಯ್ಯ ಬಾನೆಟ್ ಎತ್ತಿ, ಸಿಂಗಾರವನ್ನು, ಅಂದರೆ ಅಡಿಕೆಯ ಎಳೆ ಹೂಗೊಂಚಲನ್ನು, ರೇಡಿಯೇಟರಿನ ನೆತ್ತಿಯ ಮೇಲೆ ಹರಡಿ ಇಡುತ್ತಿದ್ದರು. "ದುಡಿವುದ್ ಎಂಜಿನ್, ಪೂಜಿ ತಗ್ಡಿಗಾ?" ಎನ್ನುತ್ತಿದ್ದರು. ಅವರ ನಂತರ ಗಿರಿಜಾಳೂ ತಪ್ಪದೆ ಹಾಗೇ ಮಾಡಿದ್ದಳು. ಕಾಳಿನಷ್ಟು ಸಣ್ಣ ಹೂಗಳು ವರ್ಷವರ್ಷವೂ ಉದುರಿ ಒಳಗಿಳಿದು ಗಾಳಿಯ ದಾರಿಯನ್ನೇ ಮುಚ್ಚಿದ್ದವು.

"ದೇವ್ರಿಗ್ ಇಟ್ಟದ್ದ್ ದೇವ್ರಿಗ್ ಮುಟ್ಲೇ ಇಲ್ಲ, ಗಿರಿಜಕ್ಕ. ಪೂರಾ ಇಲ್ಲೇ ಇತ್ತ್!"

ಅವಳಿಗೂ ನಗು ಬಂತು. ನಗುತ್ತಲೇ ಆ ಪದರದ ಮೇಲೆ ಬೆರಳಾಡಿಸಿದಳು. ಒಳಗಿನದು ಕಪ್ಪು, ಮೇಲಿನದು ಕಂದು. ಎಲ್ಲಿಗೆ ಅಪ್ಪಯ್ಯನದು ಮುಗಿದು ತನ್ನದು ಶುರುವಾಗುತ್ತದೆ ಎಂದು ತಿಳಿಯಲಿಲ್ಲ.

ನೀರಿನ ಪೈಪು ಹಿಡಿದ ಯತೀಶ ಕಾದು ನಿಂತಿದ್ದ. "ತೊಳಿಲಾ?"

"ತೊಳಿ," ಎಂದಳು.

ಆ ಭಾನುವಾರ ಕಾರು ಹೆಮ್ಮಾಡಿ ದಾಟಿತು. ಮರವಂತೆಯಲ್ಲಿ ಎಡಕ್ಕೆ ಇಡೀ ಕಡಲಿದ್ದರೂ ಗಿರಿಜಾಳ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ಅದು ನಡುವಿನಿಂದ ಅಲುಗಲಿಲ್ಲ. ಬಿಜೂರಿನ ಅಂಗಳಕ್ಕೆ ಬಂದು ನಿಂತರೂ ಅವಳು ಎಂಜಿನ್ ಬಂದ್ ಮಾಡಲಿಲ್ಲ. ಅಮ್ಮ ಸರಿಯಾಗಿ ಕೇಳಿಸಿಕೊಳ್ಳಲಿ.

ಅಮ್ಮ ಬಂದರು. ಹಿಡಿಯಲು ಬಂದ ರತ್ನಾಕರನ ಕೈ ಸರಿಸಿ, ಮುಖ ಅರಳಿಸಿಕೊಂಡು ಕಿಟಕಿಗೆ ಬಗ್ಗಿದರು.

"ಬಂದ್ರ್ಯಾ? ಎಷ್ಟ್ ಹೊತ್ತ್ ಕಾಯುದ್ ನಿಮ್ಮನ್ನ?" ಅಮ್ಮ ಮಾತಾಡುತ್ತಿದ್ದದ್ದು ಅಪ್ಪಯ್ಯನ ಹತ್ತಿರ. ಹಿಂದಿನ ಸೀಟನ್ನೂ ನೋಡಿದರು. "ಹೆಣ್ ಎಲ್ಲಿತ್? ಗಿರಿಜನ್ನ ಕರ್ಕಂಡ್ ಬರ್ಲಿಲ್ಯಾ?"

ರತ್ನಾಕರ ಏನೋ ಹೇಳಹೊರಟ. ಗಿರಿಜಾ ಬೇಡವೆಂದು ಕೈ ಮಾಡಿದಳು.

"ಇಲ್ಲ. ಅದ್ ಕೋಟೇಶ್ವರದಂಗ್ ಇತ್ತ್."

"ಅದನ್ನ್ ಕಾಣ್ದೇ ಸುಮಾರ್ ದಿನ ಆಯ್ತ್," ಎಂದರು ಅಮ್ಮ. ಕಾರನ್ನು ಹಿಡಿದುಕೊಂಡೇ ಸುತ್ತಿ ಬಂದು, ಆಚೆ ಬದಿಯ ಬಾಗಿಲು ತೆಗೆದು, ಅವಳ ಪಕ್ಕದಲ್ಲಿ ಕೂತು ಸೆರಗು ಮಡಿಲಿಗೆ ಎಳೆದುಕೊಂಡರು. "ಹೋಪ. ಕರ್ಕಂಡ್ ಬಪ್ಪ."

ಗಿರಿಜಾ ಕಾರನ್ನು ಕೋಟೇಶ್ವರದ ಕಡೆಗೆ ತಿರುಗಿಸಿದಳು.